ಟೇಶನ್ನೂ ತಾಣವೂ

ನನ್ನ ಸೋದರತ್ತೆಯೊಬ್ಬರನ್ನು ಸಿಂದಗಿ ಕಡೆಯ ನಮ್ಮ ಹಳ್ಳಿಯಿಂದ ಇಂಡಿ ತಾಲೂಕಿನ ಒಂದು ಊರಿಗೆ ಕೊಟ್ಟಿದ್ದರು. ಗಂಡನ ಮನೆಗೆ ಹೋದ ಮೊದಲ ವಾರದಲ್ಲಿಯೇ ಒಂದು ರಾತ್ರಿ ಗಂಡ ಮನೆಗೆ ಬರಲಿಲ್ಲ. ಅತ್ತೆಯಾದವರು ಹಿತ್ತಲ ಬಾಗಿಲಲ್ಲಿ ನಿಂತು ನೆರೆಮನೆಯವರಿಗೆ ಹೇಳುತ್ತಿದ್ದರಂತೆ: "ಅವ ಟೇಶನ್‌ಕ ಹೋಗ್ಯಾನ, ನಾಳಿ ಮುಂಜಾನಿ ಬರ್ತಾನ." ಅಷ್ಟು ಕಿವಿಗೆ ಬಿದ್ದದ್ದೇ ತಡ, ಹೊಸ ಸೊಸೆ ಒಳಗೆ ಹೋಗಿ ಮೂಲೆ ಹಿಡಿದು ಅಳತೊಡಗಿದರು. ಊಟ ಬಿಟ್ಟರು. ತವರಿಗೆ ಹೇಳಿಕಳಿಸಿರೆಂದು ಹಟ ಹಿಡಿದರು. ಕಾರಣ ತಿಳಿಯದೆ ಮನೆಯವರೆಲ್ಲ ಕಂಗಾಲಾದರು. ಕೊನೆಗೆ ವಿಷಯ ಹೊರಬಿದ್ದಾಗ ಅತ್ತೆ ಹಣೆ ಬಡಿದುಕೊಂಡು, "ಅಯ್ಯ ನನ್ನವ್ವ, ಅದು ಪೊಲೀಸರ ಟೇಶನ್ ಅಲ್ಲ, ಗಾಡಿ ಟೇಶನ್!" ಎಂದರಂತೆ. ಗಂಡ ಹೋದದ್ದು ಲಿಂಬೆಹಣ್ಣಿನ ಬುಟ್ಟಿಗಳನ್ನು ರೈಲಿಗೆ ಹಾಕಿ ಬರಲು, ಇಂಡಿ ರೋಡ್ ಸ್ಟೇಶನ್ನಿಗೆ.

ಅತ್ತೆಯ ತಪ್ಪೇನೂ ಇರಲಿಲ್ಲ. ಸಿಂದಗಿಗೂ ಮುದ್ದೇಬಿಹಾಳಕ್ಕೂ ಆಗ ರೈಲು ಬಂದಿರಲಿಲ್ಲ. ಆ ಸೀಮೆಯಲ್ಲಿ ಟೇಶನ್ ಎಂದರೆ ಒಂದೇ ಅರ್ಥ. ಮನೆಯ ಗಂಡಸು ಅಲ್ಲಿಗೆ ಹೋಗಿ ರಾತ್ರಿ ಮರಳದಿದ್ದರೆ ಹೆಂಗಸರು ಅಳಬೇಕಾದದ್ದೇ. ಹೊಟಗಿಯಿಂದ ಗದಗಿಗೆ ಹೋಗುವ ರೈಲು ಹಾದಿಯ ಮಗ್ಗುಲಲ್ಲಿದ್ದ ಇಂಡಿ, ಬಸವನ ಬಾಗೇವಾಡಿಗಳಿಗೆ ಅದೇ ಶಬ್ದ ಪೇಟೆಯ, ಪ್ರಯಾಣದ, ಬರುವ ನೆಂಟರ ಶಬ್ದ. ಅಲ್ಲಿಯೂ ಸ್ಟೇಶನ್ ಊರೊಳಗೆ ಇಲ್ಲವೆಂಬುದು ಬೇರೆ ಮಾತು. 'ಇಂಡಿ ರೋಡ್', 'ಬಸವನ ಬಾಗೇವಾಡಿ ರೋಡ್' ಎಂದು ಹಲಗೆಯ ಮೇಲೆ ಬರೆದಿದ್ದರೆ, ಇಲ್ಲಿ ಇಳಿದರೆ ಆ ಊರಿಗೆ ಹೋಗುವ ರಸ್ತೆ ಸಿಗುತ್ತದೆ ಎಂದಷ್ಟೇ ಅರ್ಥ; ಊರು ಸಿಗುತ್ತದೆ ಎಂದಲ್ಲ. ಇದನ್ನರಿಯದೆ ಇಳಿದ ಪರಸ್ಥಳದವರು ರಾತ್ರಿಯ ಹೊತ್ತು ಗಂಟುಮೂಟೆ ಹೊತ್ತುಕೊಂಡು ಊರನ್ನು ಹುಡುಕಿದ್ದುಂಟು.

ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಈ ಟೇಶನ್ ಎಂಬ ಶಬ್ದವನ್ನು ಮತ್ತು ಅದರ ದಾಯಾದಿಗಳನ್ನು ಕುರಿತು. ಕನ್ನಡ ಎಂ.ಎ. ಮಾಡಿದವನಿಗೆ ಇಂಗ್ಲಿಷ್ ನಿಘಂಟಿನ ಗೊಡವೆ ಏಕೆ ಎಂದು ಕೇಳಬಹುದು. ಆದರೆ ಆ ಶಬ್ದಗಳು ಈಗ ನಮ್ಮ ಹೊಲದಲ್ಲಿ, ಅಡಿಗೆಮನೆಯಲ್ಲಿ, ಕೋರ್ಟಿನ ಕಟ್ಟೆಯ ಮೇಲೆ ಬಂದು ಕುಳಿತಿವೆ. ಇಂಗ್ಲಿಷ್ ನಿಘಂಟಿನಲ್ಲಿ ಎಲ್ಲಕ್ಕಿಂತ ಹೆಚ್ಚು ಪುಟಗಳನ್ನು ಹಿಡಿಯುವ ಅಕ್ಷರ ಎಸ್. ಅದರಲ್ಲಿಯೂ ಎಸ್ ಆದಮೇಲೆ ಒಡನೆಯೇ ಟಿ, ಪಿ, ಕೆ ಮೊದಲಾದ ವ್ಯಂಜನ ಬರುವ ಶಬ್ದಗಳದ್ದೇ ಒಂದು ದೊಡ್ಡ ಒಕ್ಕಲು. ಸ್ಟೇಶನ್, ಸ್ಟ್ಯಾಂಡ್, ಸ್ಟೇಜ್, ಸ್ಟೀಲ್, ಸ್ಟೂಲ್, ಸ್ಟ್ಯಾಂಪ್, ಸ್ಟಾರ್ಟರ್, ಸ್ಪ್ರೇ, ಸ್ಕೂಲ್, ಸ್ಕ್ರೂ ಎಂದು ಎಣಿಸುತ್ತ ಹೋದರೆ ನಮ್ಮ ಜಿಲ್ಲೆಯ ಒಬ್ಬ ರೈತನ ಒಂದು ದಿನದ ಕೆಲಸವೆಲ್ಲ ಅದರಲ್ಲಿ ಬಂದುಹೋಗುತ್ತದೆ.

ಇವು ಇಲ್ಲಿಗೆ ಬಂದಮೇಲೆ ತಮ್ಮ ಅರ್ಥಗಳನ್ನು ನಮ್ಮ ಅನುಕೂಲಕ್ಕೆ ತಕ್ಕಂತೆ ಹಿಗ್ಗಿಸಿಕೊಂಡಿವೆ, ಕುಗ್ಗಿಸಿಕೊಂಡಿವೆ. ಸ್ಟೀಲ್ ಎಂದರೆ ನಮ್ಮ ಹೆಂಗಸರಿಗೆ ಉಕ್ಕು ಅಲ್ಲ, ತುಕ್ಕು ಹಿಡಿಯದ ಪಾತ್ರೆ. ಸ್ಟ್ಯಾಂಪ್ ಎಂದರೆ ಲಕೋಟೆಗೆ ಹಚ್ಚುವುದಲ್ಲ, ಅದು ನಮ್ಮಲ್ಲಿ 'ಟಿಕೀಟು'. 'ಸ್ಟ್ಯಾಂಪ್ ಮ್ಯಾಲ ಬರಕೊಟ್ಟಾನ' ಎಂದರೆ ಛಾಪಾ ಕಾಗದದ ಮೇಲೆ ಹೊಲವನ್ನೋ ಸಾಲವನ್ನೋ ಬರೆದುಕೊಟ್ಟಿದ್ದಾನೆ ಎಂದು. ಸ್ಟೇಜ್ ಎಂಬುದು ನಾಟಕದವರಿಗೆ ಒಂದು, ಡಾಕ್ಟರಿಗೆ ಒಂದು, ಬಸ್ಸಿನ ದರ ಹಾಕುವವರಿಗೆ ಇನ್ನೊಂದು. ಈ ಕೊನೆಯ ಅರ್ಥ ಹಳೆಯದು. ಇಂಗ್ಲೆಂಡಿನಲ್ಲಿ ಕುದುರೆ ಬಂಡಿಗಳು ದಾರಿಯಲ್ಲಿ ನಿಂತು ಕುದುರೆ ಬದಲಿಸಿಕೊಳ್ಳುತ್ತಿದ್ದ ಮಜಲುಗಳಿಂದ ಬಂದದ್ದು. ಕುದುರೆ ಹೋಗಿ ಎಷ್ಟೋ ಕಾಲವಾಯಿತು, ಸ್ಟೇಜ್ ಮಾತ್ರ ಬಸ್ಸಿನ ಟಿಕೀಟಿನಲ್ಲಿ ಉಳಿದಿದೆ.

ಇವುಗಳಲ್ಲಿ ಮನುಷ್ಯನನ್ನು ಕೆಡಿಸಬಲ್ಲ ಶಬ್ದವೊಂದಿದೆ: ಸ್ಟೇ. ಮುದ್ದೇಬಿಹಾಳ ತಾಲೂಕಿನ ಒಬ್ಬ ಹಿರಿಯರು ನಮಗೆ ದೂರದ ಸಂಬಂಧಿಕರು. ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯದಲ್ಲಿ ಅವರ ವಕೀಲರು ಸ್ಟೇ ತಂದುಕೊಟ್ಟರು. ಇವರು ಊರಲ್ಲಿ ಪೇಢೆ ಹಂಚಿದರು. ಮರುವಾರ ಎತ್ತು ಹೂಡಿ ಆ ಹೊಲದಲ್ಲಿ ಬಿಳಿಜೋಳ ಬಿತ್ತಿದರು. ತೀರ್ಪಾಗುವವರೆಗೆ ಯಾರೂ ಆ ಹೊಲದೊಳಗೆ ಕಾಲಿಡಬಾರದೆಂಬುದು ಆಜ್ಞೆಯ ತಾತ್ಪರ್ಯವಾಗಿತ್ತು. ಆಮೇಲೆ ಪಟ್ಟ ಪಾಡನ್ನು ಹೇಳುವ ಅಗತ್ಯವಿಲ್ಲ. ಬೆಳೆ ತೆನೆಗೆ ಬಂದಾಗ ಕೊಯ್ಯುವ ಅಧಿಕಾರ ಎರಡು ಕಡೆಯವರಿಗೂ ಇರಲಿಲ್ಲವಾಗಿ, ಆ ವರ್ಷದ ಜೋಳ ನಿಂತಲ್ಲಿಯೇ ಹಕ್ಕಿಗಳ ಪಾಲಾಯಿತು. ನಾನು ಕೇಳಿದಾಗ ಅವರು ಬಹಳ ನೊಂದು ಹೇಳಿದ ಮಾತು ಇದು: "ನನ್ನ ಮೊಮ್ಮಗ ಬುಕ್ಕ ನೋಡಿ ಹೇಳಿದ್ನೋ ತಮ್ಮಾ, ಸ್ಟೇ ಅಂದ್ರ ಇರು ಅಂತ. ಕೋರ್ಟ್ ಇರು ಅಂತು, ನಾ ಹೊಲದಾಗ ಇದ್ದೆ."

ಮೊಮ್ಮಗ ಹೇಳಿದ್ದು ಸುಳ್ಳಲ್ಲ. ಆ ಶಬ್ದಕ್ಕೆ ಇರು ಎಂಬ ಅರ್ಥವೂ ಉಂಟು, ತಡೆ ಎಂಬ ಅರ್ಥವೂ ಉಂಟು. ಬುಡದಲ್ಲಿರುವುದು ನಿಲ್ಲು ಎಂಬ ಒಂದೇ ಭಾವ. ನಮ್ಮ 'ನಿಲ್ಲು' ಕೂಡ ಹಾಗೆಯೇ ಅಲ್ಲವೆ? 'ಇಲ್ಲೇ ನಿಲ್ಲು' ಎಂದರೆ ಇರು ಎಂದು. 'ನಿಲ್ಲು ಮಹಾರಾಯ' ಎಂದರೆ ಮುಂದೆ ಹೋಗಬೇಡ ಎಂದು. ಕೋರ್ಟು ಎರಡನೆಯದನ್ನು ಹೇಳಿತು, ಹಿರಿಯರು ಮೊದಲನೆಯದನ್ನು ಕೇಳಿದರು.

ಈ ನಿಲ್ಲುವ ಭಾವ ಸ್ಟೇ ಒಂದರಲ್ಲಿಯೇ ಇಲ್ಲ. ಎಸ್, ಟಿ ಎಂದು ಮೊದಲಾಗುವ ಇಂಗ್ಲಿಷ್ ಶಬ್ದಗಳನ್ನು ಒಂದು ಸಾಲಿನಲ್ಲಿ ನಿಲ್ಲಿಸಿ ನೋಡಿ. ಸ್ಟ್ಯಾಂಡ್ ಎಂದರೆ ನಿಲ್ಲುವುದು. ಸ್ಟೇಶನ್ ನಿಲ್ಲುವ ಜಾಗ. ಸ್ಟ್ಯಾಚೂ ನಿಲ್ಲಿಸಿದ ವಿಗ್ರಹ. ಸ್ಟೇಟ್ ಎಂಬುದು ಮೊದಲು ನಿಂತ ನಿಲುವು, ಸ್ಥಿತಿ, ಆಮೇಲೆ ರಾಜ್ಯ. ಸ್ಟೇಬಲ್ ಎಂದರೆ ನಿಂತ ನೆಲೆಯಿಂದ ಅಲುಗದ್ದು. ನಮ್ಮ ಸಂಸ್ಕೃತದ ಸ್ಥಾನ, ಸ್ಥಿತಿ, ಸ್ಥಿರ, ಸ್ಥಾವರಗಳನ್ನು ಇವುಗಳ ಪಕ್ಕಕ್ಕೆ ಇಟ್ಟರೆ ಒಂದೇ ತಾಯಿಯ ಮಕ್ಕಳೆಂದು ಯಾರಿಗಾದರೂ ತೋರುತ್ತದೆ. ತೋರಿದ್ದು ನಿಜವೂ ಹೌದು. 1786ರಲ್ಲಿ ಕಲ್ಕತ್ತೆಯ ಏಶಿಯಾಟಿಕ್ ಸೊಸೈಟಿಯ ಸಭೆಯಲ್ಲಿ ಸರ್ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದು ಮೂಲದಿಂದ ಬಂದಿರಬೇಕೆಂದು ಹೇಳಿದಂದಿನಿಂದ ವಿದ್ವಾಂಸರು ಈ ನಂಟನ್ನು ಎಳೆಎಳೆಯಾಗಿ ಬಿಡಿಸಿ ತೋರಿಸಿದ್ದಾರೆ.

ಹಾಗೆಂದು ಮೊದಲ ಎರಡು ಅಕ್ಷರ ಒಂದೇ ಆದ ಮಾತ್ರಕ್ಕೆ ಎಲ್ಲವೂ ನಂಟರಲ್ಲ. ಸ್ಟ್ರೀಟ್ ಎಂಬ ಬೀದಿಗೂ ನಿಲ್ಲುವುದಕ್ಕೂ ಸಂಬಂಧವಿಲ್ಲ. ಕಲ್ಲು ಹರಹಿ ಮಾಡಿದ ದಾರಿ ಅದು, ನಮ್ಮ ವಿಸ್ತರ, ವಿಸ್ತಾರಗಳ ಬಳಗ. ಸ್ಟಾರ್ ಎಂಬ ನಕ್ಷತ್ರದ್ದು ಇನ್ನೂ ಚೆಲುವಾದ ಕಥೆ. ಅದಕ್ಕೆ ಸಂವಾದಿಯಾದ 'ಸ್ತೃ' ಎಂಬ ರೂಪ ವೇದದಲ್ಲಿ ಸಿಗುತ್ತದೆ. ಆದರೆ ಬಳಕೆಯಲ್ಲಿ ನಿಂತದ್ದು 'ತಾರಾ'. ಸಕಾರ ಸಂಸ್ಕೃತದಲ್ಲಿಯೇ ಉದುರಿಹೋಗಿದೆ! ಈಗ ಪತ್ರಿಕೆಯವರು ಒಬ್ಬ ನಟಿಯನ್ನು ಮೇಲಿನ ಸಾಲಿನಲ್ಲಿ ಸ್ಟಾರ್ ಎಂದು, ಕೆಳಗಿನ ಸಾಲಿನಲ್ಲಿ ತಾರೆ ಎಂದು ಬರೆಯುವಾಗ ಒಂದೇ ಶಬ್ದವನ್ನು ಎರಡು ಸಲ ಬರೆಯುತ್ತಿದ್ದಾರೆಂಬುದು ಅವರಿಗೆ ಹೊಳೆದಿರಲಾರದು.

ಇನ್ನು, ನಂಟಿದ್ದೂ ದಿಕ್ಕುತಪ್ಪಿಸುವ ಜೋಡಿಯೊಂದಿದೆ. ಇಂಡಿಯಲ್ಲಿರಲಿ, ಬಾಗೇವಾಡಿಯಲ್ಲಿರಲಿ, 'ಕಿರಾಣಿ ಮತ್ತು ಸ್ಟೇಶನರಿ' ಎಂಬ ಹಲಗೆಯ ಅಂಗಡಿಗಳಿವೆ. ಕಾಗದ, ಪೆನ್ಸಿಲ್ಲುಗಳ ಜೊತೆಗೆ ಅಲ್ಲಿ ರಿಬ್ಬನ್ನು, ಬಾಚಣಿಕೆ, ಸೋಪು ಎಲ್ಲವೂ ಸಿಗುತ್ತವೆ. ಇಂಗ್ಲಿಷಿನಲ್ಲಿ ಇದೇ ಉಚ್ಚಾರದ ಇನ್ನೊಂದು ಶಬ್ದವಿದೆ, ಚಲಿಸದೆ ನಿಂತದ್ದು ಎಂಬರ್ಥದ್ದು. ಬರೆಯುವಾಗ ಒಂದಕ್ಕೆ ಇ, ಇನ್ನೊಂದಕ್ಕೆ ಎ. ಈ ಒಂದು ಅಕ್ಷರಕ್ಕಾಗಿ ಎಷ್ಟು ಹುಡುಗರು ಅಂಕ ಕಳೆದುಕೊಂಡಿದ್ದಾರೋ! ಆದರೆ ಎರಡರ ಮೂಲವೂ ಒಂದೇ. ನಡುಗಾಲದ ಯುರೋಪಿನಲ್ಲಿ ಪುಸ್ತಕ, ಕಾಗದ ಮಾರುವವರಲ್ಲಿ ಊರೂರು ತಿರುಗದೆ ವಿದ್ಯಾಪೀಠದ ಬಳಿ ಒಂದು ಕಡೆ ಅಂಗಡಿ ಹಾಕಿ ನಿಂತವನು ಸ್ಟೇಶನರ್. ಅವನಲ್ಲಿ ಸಿಗುವ ಸಾಮಾನು ಸ್ಟೇಶನರಿ. ನಮ್ಮ ಸಂತೆಯ ಭಾಷೆಯಲ್ಲಿ ಹೇಳುವುದಾದರೆ, ತಲೆಯ ಮೇಲೆ ಬುಟ್ಟಿ ಹೊತ್ತವನಲ್ಲ, ಕಟ್ಟೆಯ ಮೇಲೆ ಕುಳಿತವನು.

ಇದು ಅರ್ಥದ ಮಾತಾಯಿತು. ಉಚ್ಚಾರದ ಮಾತು ಇದಕ್ಕಿಂತ ಸೂಕ್ಷ್ಮವಾದದ್ದು; ನನ್ನ ಮನಸ್ಸಿನಲ್ಲಿ ಬಹುಕಾಲದಿಂದ ಕೊರೆಯುತ್ತಿರುವುದೂ ಅದೇ.

ನನ್ನ ಸೋದರತ್ತೆ ಸ್ಟೇಶನ್ ಎನ್ನಲಿಲ್ಲ, ಟೇಶನ್ ಎಂದರು. ಸ್ಟಾರ್ಟರ್ ಸುಟ್ಟರೆ ನಮ್ಮ ರೈತ 'ಟಾರ್ಟರ್ ಸುಟ್ಟೈತಿ' ಎನ್ನುತ್ತಾನೆ. ಇನ್ನು ಕೆಲವರು, ಅದರಲ್ಲಿಯೂ ಉರ್ದೂ ಮಾತಿನ ನೆರೆಯಲ್ಲಿ ಬೆಳೆದವರು, ಮುಂದೊಂದು ಇಕಾರ ಹಚ್ಚಿ ಇಸ್ಟೇಶನ್, ಇಸ್ಕೂಲ್ ಎನ್ನುತ್ತಾರೆ. ಪಟ್ಟಣದವರಿಗೆ ಇವೆರಡೂ ನಗೆಗೀಡು. ಹಳ್ಳಿಯವನನ್ನು ಗುರುತು ಹಿಡಿಯುವ ಮಚ್ಚೆ.

ಆದರೆ ಟೇಶನ್ ಎಂದವರು ಮಾಡಿದ್ದೇನು? ಕನ್ನಡದ ಅಚ್ಚ ಶಬ್ದಗಳು ಸಕಾರಕ್ಕೆ ಒತ್ತಕ್ಷರ ಕಟ್ಟಿಕೊಂಡು ಮೊದಲಾಗುವುದಿಲ್ಲ. ಅಂಥ ಸಂಸ್ಕೃತ ಶಬ್ದ ಬಂದಾಗ ನಮ್ಮ ಹಿರಿಯರ ನಾಲಿಗೆ ಆ ಸಕಾರವನ್ನು ಸದ್ದಿಲ್ಲದೆ ಇಳಿಸಿಬಿಟ್ಟಿತು. ಸ್ಥಾನ ತಾಣವಾಯಿತು, ಸ್ನೇಹ ನೇಹವಾಯಿತು, ಸ್ಫಟಿಕ ಪಳಿಕಾಯಿತು, ಸ್ಪರ್ಶ ಪರುಸವಾಯಿತು. ಸ್ತಂಭ ಕಂಬವಾಯಿತೆಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ತಕಾರ ಕಕಾರವಾದದ್ದು ಹೇಗೆಂದು ಸೋಜಿಗಪಟ್ಟವರು ಅಥರ್ವವೇದದ 'ಸ್ಕಂಭ'ವನ್ನು ನೆನೆದರೆ ಸಮಾಧಾನವಾದೀತು. 13ನೆಯ ಶತಮಾನದಲ್ಲಿ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಇಂಥ ಮಾರ್ಪಾಡುಗಳಿಗೆಂದೇ ಅಪಭ್ರಂಶ ಪ್ರಕರಣವೆಂಬ ಒಂದು ಭಾಗವನ್ನು ಇಟ್ಟ. ಅವನು ಇವುಗಳನ್ನು ಕಂಡು ನಗಲಿಲ್ಲ, ಸೂತ್ರ ಹಾಕಿದ. ಅವನಿಗಿಂತ ಒಂದು ಶತಮಾನ ಹಿಂದೆ, ಬಾಗೇವಾಡಿಯ ಬಸವಣ್ಣನವರ ಪ್ರಸಿದ್ಧವಾದ ಒಂದು ವಚನದಲ್ಲಿಯೇ ಕಂಬವೂ ಇದೆ, ಸ್ಥಾವರವೂ ಇದೆ. ಸಕಾರ ಬಿಟ್ಟದ್ದು ಒಂದು, ಇಟ್ಟುಕೊಂಡದ್ದು ಒಂದು. ಎರಡೂ ಅಕ್ಕಪಕ್ಕದಲ್ಲಿ ಕುಳಿತಿವೆ.

ಹೀಗೆ ಸಕಾರ ಬಿಟ್ಟ ರೂಪ ಉಳಿದ ರೂಪಕ್ಕೆ ಬರಿಯ ನೆರಳಾಗಿ ನಿಲ್ಲದೆ ತನ್ನದೇ ಅರ್ಥವನ್ನು ಸಂಪಾದಿಸಿಕೊಂಡಿತು. ಸ್ಥಾನ ಎಂದರೆ ಹುದ್ದೆ, ಮಾನ. ತಾಣ ಎಂದರೆ ಇರುವ ಎಡೆ. ಸ್ಪರ್ಶ ಯಾವ ಮುಟ್ಟುವಿಕೆಯಾದರೂ ಆದೀತು. ಪರುಸ ಮಾತ್ರ ಕಬ್ಬಿಣವನ್ನು ಹೊನ್ನಾಗಿಸುವ ಕಲ್ಲೇ ಆಗಬೇಕು. ಗುಡಿಯ ಮುಂದಿನದು ಧ್ವಜಸ್ತಂಭ, ಬೀದಿಯದು ಲೈಟಿನ ಕಂಬ. ಅದೇ ಸ್ಥಾನ ಎಂಬ ಶಬ್ದ ಉತ್ತರದ ಭಾಷೆಗಳನ್ನು ಸುತ್ತಿ ಬಂದು ನಮ್ಮಲ್ಲಿ ಠಾಣೆಯಾಯಿತು. ಸಿಂದಗಿಯ ಪೊಲೀಸರ ಕಟ್ಟಡದ ಮೇಲೆ ದೊಡ್ಡ ಅಕ್ಷರದಲ್ಲಿ 'ಪೊಲೀಸ್ ಠಾಣೆ' ಎಂದು ಸರಕಾರವೇ ಬರೆಸಿದೆ. ಸಕಾರವನ್ನು ಕಳೆದುಕೊಂಡ ಶಬ್ದ ಗೋಡೆಯ ಮೇಲೆ ಕುಳಿತು ದರ್ಪ ತೋರಿಸುತ್ತದೆ. ಅದೇ ಸಕಾರವನ್ನು ಬಿಟ್ಟು 'ಟೇಶನ್' ಎಂದವನು ಅದರ ಕೆಳಗೆ ನಿಂತು ಗುಮಾಸ್ತನಿಂದ ನಗಿಸಿಕೊಳ್ಳುತ್ತಾನೆ. ಠಾಣೆ, ತಾಣ, ಟೇಶನ್ ಮೂರೂ ಒಂದೇ ಬೇರಿನವು, ಮೂರೂ ಒಂದೇ ಅಕ್ಷರವನ್ನು ಕಳಚಿಕೊಂಡವು.

ಇಸ್ಕೂಲ್ ಎನ್ನುವವರ ಪಕ್ಷ ಇದಕ್ಕಿಂತಲೂ ಗಟ್ಟಿಯಾದದ್ದು. ಸ್ತ್ರೀ ಎಂಬುದಕ್ಕೆ ಪಾಲಿ ಭಾಷೆಯ ರೂಪ 'ಇತ್ಥೀ'. ಬುದ್ಧವಚನವನ್ನು ಕಾಪಾಡಿಕೊಂಡು ಬಂದ ಭಾಷೆ ಆ ಇಕಾರಕ್ಕಾಗಿ ನಾಚಲಿಲ್ಲ. ದೂರ ಹೋದರೆ, ರೋಮನ್ನರ ಕಾಲದ ಕೊನೆಕೊನೆಯ ಲ್ಯಾಟಿನ್ ಶಾಸನಗಳಲ್ಲಿಯೇ ಇಂಥ ಶಬ್ದಗಳ ಮುಂದೆ ಕಲ್ಲುಕುಟಿಗರು ಕೆತ್ತಿದ ಇಕಾರ ಕಾಣುತ್ತದೆ. ಆಡಿದಂತೆ ಕೆತ್ತಿದರು, ಅಷ್ಟೆ. ಆ ಆಡುಮಾತಿನಿಂದ ಹುಟ್ಟಿದ ಸ್ಪ್ಯಾನಿಷ್ ಭಾಷೆಯಲ್ಲಿ ಸ್ಕೂಲ್ 'ಎಸ್ಕ್ವೇಲಾ', ಸ್ಟೇಶನ್ 'ಎಸ್ತಾಸ್ಯೋನ್'. ನಮ್ಮ ಹಳ್ಳಿಯ ಹುಡುಗನಿಗೂ ಆ ದೇಶದ ಪಂಡಿತನಿಗೂ ಇಲ್ಲಿ ಭೇದವಿಲ್ಲ. ಫ್ರೆಂಚರು ಇನ್ನೂ ಮುಂದೆ ಹೋದರು. ಮೊದಲು ಎಸ್‌ಗೆ ಊರುಗೋಲಾಗಿ ಎಕಾರವನ್ನು ಕೊಟ್ಟರು, ಕೆಲವು ಶತಮಾನ ಕಳೆದಮೇಲೆ ಎಸ್ ತಾನೇ ಜಾರಿಹೋಯಿತು, ಊರುಗೋಲು ಉಳಿಯಿತು. ಅವರ ಶಾಲೆ ಈಗ 'ಎಕೋಲ್'.

ಇಂಗ್ಲಿಷ್? ನಮ್ಮನ್ನು ಕಂಡು ನಗುವ ಇಂಗ್ಲಿಷಿನ ನಿಘಂಟಿನಲ್ಲಿಯೇ ಇ ಅಕ್ಷರದ ಕೆಳಗೆ ಎಸ್ ಬರುವ ಪುಟವನ್ನು ತೆರೆದು ನೋಡಿ. ಸ್ಟೇಟ್ ಇದ್ದಂತೆ ಎಸ್ಟೇಟ್ ಇದೆ. ಸ್ಕ್ವೈರ್ ಇದ್ದಂತೆ ಎಸ್ಕ್ವೈರ್. ಸ್ಪೆಶಲ್ ಇದ್ದಂತೆ ಎಸ್ಪೆಶಲ್. ಸ್ಪೌಸ್ ಎಂದರೆ ಬಾಳಸಂಗಾತಿ; ಎಸ್ಪೌಸ್ ಎಂದರೆ ಒಂದು ತತ್ತ್ವವನ್ನು ಕೈಹಿಡಿಯುವುದು. ಸ್ಪೈ ಎಂದರೆ ಗೂಢಚಾರಿಕೆ. ಎಸ್ಪೈ ಎಂದರೆ ದೂರದಿಂದ ಕಣ್ಣಿಗೆ ಬೀಳುವುದಷ್ಟೆ. ಸ್ಟೇಬಲ್‌ನಿಂದ ಎಸ್ಟಾಬ್ಲಿಶ್. ಇವೆಲ್ಲ ಏನು? ಫ್ರೆಂಚರ ಬಾಯಲ್ಲಿ ಮುಂದೊಂದು ಸ್ವರ ಹಚ್ಚಿಕೊಂಡ 'ಇಸ್ಟೇಟು', 'ಇಸ್ಪೆಶಲ್ಲು'ಗಳೇ! ಫ್ರಾನ್ಸಿನ ಕಡೆಯಿಂದ ಬಂದ ದೊರೆಗಳ ಮಾತೆಂದು ಇಂಗ್ಲಿಷರು ಅವನ್ನು ತಲೆಯ ಮೇಲೆ ಹೊತ್ತುಕೊಂಡರು. ಕೆಲವು ಸಲ ಸ್ವರವನ್ನು ಬಿಟ್ಟರು, ಕೆಲವು ಸಲ ಇಟ್ಟುಕೊಂಡರು, ಎರಡೂ ಉಳಿದಲ್ಲಿ ಎರಡು ಅರ್ಥ ಹಂಚಿದರು. ನಾವು ಸ್ಥಾನಕ್ಕೂ ತಾಣಕ್ಕೂ ಹಂಚಿದ ಹಾಗೆಯೇ. ಸ್ಪೆಶಲಿ ಎಂದರೆ ಒಂದು ಉದ್ದೇಶಕ್ಕಾಗಿಯೇ. ಎಸ್ಪೆಶಲಿ ಎಂದರೆ ಎಲ್ಲಕ್ಕಿಂತ ಮಿಗಿಲಾಗಿ. ಪರೀಕ್ಷೆಯ ಪತ್ರಿಕೆ ತಿದ್ದುವವರು ಈ ಭೇದಕ್ಕೆ ಕೆಂಪು ಗೆರೆ ಎಳೆಯುತ್ತಾರೆ. ಗುರಾಣಿ ಹೊರುವ ಆಳು ಎಂಬರ್ಥದ ಒಂದೇ ಲ್ಯಾಟಿನ್ ಶಬ್ದದಿಂದ ಹಳ್ಳಿಯ ಜಮೀನುದಾರ ಸ್ಕ್ವೈರ್ ಆದ. ಬ್ರಿಟಿಷರ ಕಾಲದ ಪತ್ರಗಳಲ್ಲಿ ಗೌರವಕ್ಕಾಗಿ ಹೆಸರಿನ ಕೊನೆಗೆ ಅಂಟಿಸುತ್ತಿದ್ದ ಎಸ್ಕ್ವೈರ್ ಆದದ್ದೂ ಅದೇ ಆಳು. ಆ ಎಕಾರ ಮರ್ಯಾದೆ, ನಮ್ಮ ಹುಡುಗನ ಇಕಾರ ಮಾತ್ರ ಅಪಮರ್ಯಾದೆ.

ನಾವೂ ಒಂದು ಕಡೆ ಆ ಇಕಾರವನ್ನು ಒಪ್ಪಿಬಿಟ್ಟಿದ್ದೇವೆ. ಕರಿಯ ಎಲೆಗಳ ಸ್ಪೇಡ್ ಇಕಾರ ಹಚ್ಚಿಕೊಂಡು ಇಸ್ಪೀಟು ಆಗಿ, ಆಟಕ್ಕೆ ಆಟವೇ ಆ ಹೆಸರು ಪಡೆದಿದೆ. ಎಷ್ಟು ಓದಿದವರೂ ಅದನ್ನು ಇಸ್ಪೀಟು ಎಂದೇ ಬರೆಯುತ್ತಾರೆ. ಶಾಲೆಗೆ ಸಿಗದ ರಿಯಾಯಿತಿ ಜೂಜಿಗೆ ಸಿಕ್ಕಿದೆ.

ಇಷ್ಟೆಲ್ಲ ತಿಳಿದವನು ನಾನು ಎಂದು ಯಾರಾದರೂ ಭಾವಿಸಿದರೆ ಇನ್ನೊಂದು ಸಂಗತಿಯನ್ನು ಹೇಳಲೇಬೇಕಾಗುತ್ತದೆ. ನಾನು ಕಾಲೇಜಿನಲ್ಲಿ ಪಾಠ ಹೇಳತೊಡಗಿ ಮೂರು ವರ್ಷವಾಗಿತ್ತು. ಚರ್ಚಾಸ್ಪರ್ಧೆಯೊಂದಕ್ಕೆ ನಾನು ತೀರ್ಪುಗಾರ. ತಾಯ್ನುಡಿಯಲ್ಲಿ ಶಿಕ್ಷಣ ಎಂಬುದು ವಿಷಯ. ಸಿಂದಗಿ ತಾಲೂಕಿನ ಹಳ್ಳಿಯಿಂದ ಬಂದ ಒಬ್ಬ ಹುಡುಗ ಎದ್ದು ನಿಂತು, ಕಾಗದ ನೋಡದೆ, ಬಹಳ ಚೆನ್ನಾಗಿ ಮಾತನಾಡುತ್ತಿದ್ದ. ನಡುವೆ ಒಂದು ಸಲ 'ಇಸ್ಟೂಡೆಂಟ್' ಎಂದ. ನಾನು ಕುಳಿತಲ್ಲಿಂದಲೇ, ಯಾವ ದುರುದ್ದೇಶವೂ ಇಲ್ಲದೆ, "ಏನಂದಿ, ಇಸ್ಟೂಡೆಂಟ?" ಎಂದು ಅವನ ರಾಗದಲ್ಲಿಯೇ ಕೇಳಿದೆ. ಸಭೆಗೆ ಸಭೆಯೇ ನಕ್ಕಿತು. ಹುಡುಗ ಇನ್ನೊಂದು ವಾಕ್ಯ ಆಡಲು ನೋಡಿದ, ಆಗಲಿಲ್ಲ, ಕುಳಿತುಬಿಟ್ಟ. ಆಮೇಲೆ ತರಗತಿಯಲ್ಲಿ ಅವನ ದನಿಯನ್ನು ನಾನು ಕೇಳಿದ ನೆನಪಿಲ್ಲ. ಆ ವಾರವೇ ನಾನು ಬಿ.ಎ. ತರಗತಿಗೆ ಅಪಭ್ರಂಶ ಪ್ರಕರಣವನ್ನು ಪಾಠ ಮಾಡುತ್ತಿದ್ದೆ. ಸ್ಥಾನ ತಾಣವಾದ ಬಗೆಯನ್ನು ಕರಿಹಲಗೆಯ ಮೇಲೆ ಬಿಡಿಸಿ ಬರೆದು ಕನ್ನಡದ ನಾಲಿಗೆಯ ಸೊಬಗನ್ನು ಹೊಗಳಿದ್ದೆ.

ಕೆಲವು ವರ್ಷಗಳ ಹಿಂದೆ, ನಿವೃತ್ತನಾದ ಮೇಲೆ, ಸಿಂದಗಿಯಲ್ಲಿ ಮುದ್ದೇಬಿಹಾಳದ ಬಸ್ಸು ಹತ್ತಿದೆ. ಟಿಕೀಟು ಕೊಡಲು ಬಂದ ಕಂಡಕ್ಟರು ನನ್ನನ್ನು ನೋಡಿ, "ನಮಸ್ಕಾರ್ರಿ ಸರ್, ಗುರ್ತ ಸಿಕ್ತೇನ್ರಿ?" ಎಂದರು. ಕೂದಲು ನರೆತಿತ್ತು, ಕಣ್ಣು ಅದೇ. ನನ್ನಿಂದ ರೊಕ್ಕ ತೆಗೆದುಕೊಳ್ಳಲು ಒಪ್ಪದೆ ಟಿಕೀಟನ್ನು ತಾವೇ ತೆಗೆದರು. ದಾರಿಯುದ್ದಕ್ಕೂ ನಾನು ಗಮನಿಸುತ್ತ ಬಂದೆ. ಜನರೆಲ್ಲ ಸ್ಟಾಪ್ ಎನ್ನುತ್ತಿದ್ದರು, ಸ್ಟ್ಯಾಂಡ್ ಎನ್ನುತ್ತಿದ್ದರು. ಇವರು ಮಾತ್ರ ಪ್ರತಿ ಊರು ಬಂದಾಗಲೂ 'ನಿಲ್ದಾಣ' ಎಂದೇ ಕೂಗುತ್ತಿದ್ದರು. ಹಿಂದಿನ ಆಸನದ ಹುಡುಗರು, "ಕಂಡಕ್ಟರ್ ಕಾಕಾ ಭಾಳ ಪುಸ್ತಕದ ಮಾತು ಆಡ್ತಾರಲೇ" ಎಂದು ನಗುತ್ತಿದ್ದರು. ನಿಲ್ ಎಂಬುದಕ್ಕೆ ತಾಣ ಸೇರಿ ನಿಲ್ದಾಣ. ಆ ಸಕಾರ ಕಳಚಿದ ಹಳೆಯ ತಾಣವೇ.

ಬಸ್ಸು ಒಂದೆಡೆ ಚಹಾಕ್ಕೆ ನಿಂತಾಗ ನಾನೇ ಆ ಹಳೆಯ ಮ��ತನ್ನು ತೆಗೆದೆ. ತಪ್ಪಾಯಿತೆಂದೆ. ಅವರು ಬಹಳ ಹೊತ್ತು ಬಸಿಯಲ್ಲಿನ ಚಹಾವನ್ನೇ ನೋಡುತ್ತಿದ್ದರು. "ಬಿಡ್ರಿ ಸರ್, ಅದ್ಯಾವ ಕಾಲದ್ದು," ಎಂದರು. ಆಮೇಲೆ ಹೇಳಿದರು: "ಆ ಅಕ್ಷರ ಬಂತಂದ್ರ ಈಗ್ಲೂ ನಾಲಿಗಿ ಹಿಂದ ಸರೀತೈತ್ರಿ. ಮನ್ಯಾಗ ಮಗಳು ಇಂಗ್ಲಿಷ್ ಸಾಲಿಗೆ ಹೊಂಟ ಮ್ಯಾಲೆ ಅಕಿ ಮುಂದನೂ ಅಂಥಾ ಶಬ್ದ ಆಡಿಲ್ರಿ ನಾ."

ನಾನು ಎಸ್ಟೇಟಿನ ಕಥೆ ಹೇಳಿದೆ, ಎಸ್ಕ್ವೇಲಾದ ಕಥೆ ಹೇಳಿದೆ, ಫ್ರೆಂಚರ ಊರುಗೋಲನ್ನೂ ಬಿಡಲಿಲ್ಲ. ಅವರು ಕೇಳಿದರು, ಮುಖದಲ್ಲಿ ಸಣ್ಣ ನಗೆ ಬಂತು.

"ಇದನ್ನ ಅವತ್ತ ಹೇಳಬೇಕಾಗಿತ್ರಿ ಸರ್," ಎಂದರು. ಬಸಿಯನ್ನು ಕಟ್ಟೆಯ ಮೇಲಿಟ್ಟು, ಬಾಗಿಲ ಬಳಿ ಹೋಗಿ ನಿಂತು, ನಾನು ಹತ್ತಿ ಕುಳಿತದ್ದನ್ನು ನೋಡಿಕೊಂಡು ರೈಟ್ ಹೇಳಿದರು.